ಹಿತ್ತಾಳೆ ನಟ್ಟು

ಆ ಬೀದಿಯಲ್ಲಿ ಬ್ರೇಕಿಗೊಬ್ಬ, ಕ್ಲಚ್ಚಿಗೊಬ್ಬ, ಬ್ಯಾಟರಿಗೊಬ್ಬ ಇದ್ದರು. ಗಾಡಿಯ ಹೊಟ್ಟೆಯ ಕೆಳಗೆ ನಿಂತು, ಮಸಿ ತುಕ್ಕು ಎರಡನ್ನೂ ಮುಖದ ಮೇಲೆ ಉದುರಿಸಿಕೊಳ್ಳುತ್ತ ಹೊಗೆಪೈಪು ಬಿಚ್ಚುವ ಕೆಲಸಕ್ಕೆ ಮಾತ್ರ ಯಾರೂ ಪೈಪೋಟಿಗೆ ಬರಲಿಲ್ಲ. ಅದು ಅವನ ಪಾಲಿಗೆ ಬಂತು. ಬರುಬರುತ್ತ ಅವನ ಹೆಸರೂ ಅದೇ ಆಯಿತು. ಎಲ್ಲರೂ ಅವನನ್ನು ಸೈಲೆನ್ಸರ್ ಎಂದೇ ಕರೆಯುತ್ತಿದ್ದರು. ಮಾತು ಕಡಿಮೆಯವನಾದ್ದರಿಂದ ಹೆಸರು ಇನ್ನೂ ಗಟ್ಟಿಯಾಗಿ ಅಂಟಿಕೊಂಡಿತು.

ಅವನ ವರ್ಕ್‌ಶಾಪೆಂದರೆ ತಗಡಿನ ಒಂದು ಶೆಡ್ಡು, ಅದರ ನಡುವೆ ಇಳಿದು ನಿಲ್ಲುವಷ್ಟು ಆಳದ ಒಂದು ಪಿಟ್ಟು, ಗೋಡೆಗೆ ಸಾಲಾಗಿ ನೇತುಹಾಕಿದ ಸ್ಪ್ಯಾನರುಗಳು. ಶೆಡ್ಡಿನ ಹಿಂದೆ ಅವನ ಕೋಣೆ. ಅಲ್ಲಿ ಒಂದು ಮಂಚ, ಒಂದು ಸ್ಟವ್, ಒಂದು ತಟ್ಟೆ. ಎರಡನೆಯ ತಟ್ಟೆ ಇತ್ತು, ಅದರಲ್ಲಿ ಸ್ಕ್ರೂಗಳನ್ನು ಹಾಕಿಟ್ಟಿದ್ದ. ಬೇರೆ ಊರಿನಲ್ಲಿದ್ದ ಅವನ ಅಕ್ಕ ಆಗೀಗ ಫೋನ್ ಮಾಡಿ, "ಊಟ ಆಯ್ತೇನೋ?" ಎಂದು ಕೇಳುತ್ತಿದ್ದಳು. ಅವನು "ಆಯ್ತು" ಎನ್ನುತ್ತಿದ್ದ. ಆಮೇಲೆ ಇಬ್ಬರಿಗೂ ಮಾತು ಸಿಗುತ್ತಿರಲಿಲ್ಲ. "ಸರಿ, ಇಡ್ಲಾ ಹಾಗಾದ್ರೆ?" ಎಂದು ಅಕ್ಕನೇ ಅವನನ್ನು ಬಿಡುಗಡೆ ಮಾಡುತ್ತಿದ್ದಳು.

ಸಮುದ್ರ ಹತ್ತಿರವಿದ್ದ ಊರು. ಗಾಳಿಯಲ್ಲೇ ಉಪ್ಪು. ಕಬ್ಬಿಣ ಎಂಬುದು ಅಲ್ಲಿ ಬಾಳಿಕೆ ಬರುವ ವಸ್ತುವಲ್ಲ. ಅದರಲ್ಲೂ ಹೊಗೆಪೈಪಿನ ಕೀಲುಗಳಲ್ಲಿ ಹಾಕುವ ನಟ್ಟು ಬೋಲ್ಟುಗಳ ಪಾಡು ಯಾರಿಗೂ ಬೇಡ. ಗಾಡಿ ಓಡಿದಾಗ ಕೆಂಡದ ಶಾಖ, ನಿಂತಾಗ ಉಪ್ಪುನೀರು. ಮಾಮೂಲಿ ಕಬ್ಬಿಣದ ನಟ್ಟಿಗೆ ಮೇಲೊಂದು ಬೆಳ್ಳಗಿನ ಲೇಪ ಕೊಟ್ಟಿರುತ್ತಾರೆ. ಆ ಶಾಖಕ್ಕೆ ಅದು ಮೊದಲ ವಾರವೇ ಸುಟ್ಟುಹೋಗುತ್ತದೆ. ಆಮೇಲೆ ತುಕ್ಕು ಅದನ್ನು ಸುತ್ತಲಿಂದಲೂ ತಿನ್ನುತ್ತ ಬಂದು, ವರ್ಷ ತುಂಬುವುದರೊಳಗೆ ನಟ್ಟು ಕಡಲೆಕಾಳಿನಷ್ಟು ಸವೆದು, ಕೀಲು ಸಡಿಲಾಗಿ ಗಾಡಿ ಬೊಬ್ಬೆ ಹೊಡೆಯಲು ಶುರುಮಾಡುತ್ತದೆ. ಹೊಸಬರು ಜಾಣತನ ತೋರಿಸಿ ಥಳಥಳ ಹೊಳೆಯುವ ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟನ್ನೇ ಒಣಒಣಗೆ ಬಿಗಿಯುತ್ತಾರೆ. ಅದು ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಎರಡೂ ಒಂದನ್ನೊಂದು ಕಚ್ಚಿಕೊಂಡುಬಿಡುತ್ತವೆ. ಬಿಚ್ಚಲು ಹೋದರೆ ಬೋಲ್ಟೇ ಮುರಿದು ಕೈಗೆ ಬರುತ್ತದೆ. ಶಾಖ ತಡೆಯುವ ಗಟ್ಟಿ ಉಕ್ಕಿನ ಸ್ಟಡ್ಡು ಎಂಬ ತಲೆಯಿಲ್ಲದ ಬೋಲ್ಟು, ಅದಕ್ಕೊಂದಿಷ್ಟು ತಾಮ್ರದ ಪುಡಿ ಬೆರೆತ ಗ್ರೀಸು, ಮೇಲೆ ಹಿತ್ತಾಳೆಯ ನಟ್ಟು. ಇದು ಸೈಲೆನ್ಸರನ ಪದ್ಧತಿ. ತುಕ್ಕೂ ಇಲ್ಲ, ಕಚ್ಚುವುದೂ ಇಲ್ಲ. ಬೇಕೆಂದಾಗ ಬೆಣ್ಣೆಯಂತೆ ಬಿಚ್ಚಿಬರುತ್ತದೆ, ಬೇಡವೆಂದರೆ ಗಾಡಿ ಇರುವತನಕ ಕೂತಿರುತ್ತದೆ.

ಅವನು ರಿಪೇರಿ ಮಾಡಿದ ಎಲ್ಲ ಗಾಡಿಗಳಲ್ಲೂ ಹಿತ್ತಾಳೆಯ ನಟ್ಟೇ ಇತ್ತು. ಒಂದು ಗಾಡಿ ಬಿಟ್ಟು.

ಅದು ಲಾಂಡ್ರಿಯವಳ ವ್ಯಾನು. ಆಸ್ಪತ್ರೆ, ಲಾಡ್ಜುಗಳಿಂದ ಬೆಡ್‌ಶೀಟು, ದಿಂಬಿನ ಕವರುಗಳ ಗಂಟು ತಂದು, ಒಗೆದು ಇಸ್ತ್ರಿ ಮಾಡಿ ವಾಪಸು ಕೊಡುವುದು ಅವಳ ವ್ಯವಹಾರ. ಗಾಡಿಯನ್ನು ತಾನೇ ಓಡಿಸುತ್ತಿದ್ದಳು, ಗಂಟುಗಳನ್ನು ತಾನೇ ಹೊರುತ್ತಿದ್ದಳು. ನಲವತ್ತು ದಾಟಿದ್ದಳು. ಬೀದಿಗೆಲ್ಲ ಅವಳು ಅಕ್ಕ. ಪಕ್ಕದ ಪಂಕ್ಚರ್ ಅಂಗಡಿಯವನು ಅವಳಿಗಿಂತ ಹತ್ತು ವರ್ಷ ದೊಡ್ಡವನಾದರೂ "ಅಕ್ಕಾ" ಎಂದೇ ಹಲ್ಲು ಕಿರಿಯುತ್ತಿದ್ದ. ಸೈಲೆನ್ಸರ್ ಮಾತ್ರ ಅವಳನ್ನು ಏನೂ ಕರೆಯುತ್ತಿರಲಿಲ್ಲ. "ಬನ್ನಿ", "ಕೂತ್ಕೊಳ್ಳಿ", "ಗೇರು ತೆಗೀರಿ" ಎಂದು ಹೇಗೋ ಹೆಸರಿಲ್ಲದೆ, ವರಸೆಯಿಲ್ಲದೆ ನಿಭಾಯಿಸುತ್ತಿದ್ದ. ಅವಳು ಅವನನ್ನು ಮೇಸ್ತ್ರಿ ಎನ್ನುತ್ತಿದ್ದಳು.

ಶುರುವಾದದ್ದು ಸಾಚಾ ಆಗಿಯೇ. ಅವಳು ಮೊದಲ ಸಲ ಬಂದ ದಿನ ಹಿತ್ತಾಳೆ ನಟ್ಟಿನ ಡಬ್ಬ ಖಾಲಿಯಾಗಿತ್ತು. "ಸದ್ಯಕ್ಕೆ ಕಬ್ಬಿಣದ್ದು ಹಾಕಿರ್ತೀನಿ, ಮುಂದಿನ ವಾರ ಬನ್ನಿ" ಎಂದ. ಅವಳು ಮುಂದಿನ ವಾರ ಬರಲಿಲ್ಲ. ಬಂದದ್ದು ನಟ್ಟು ತಿಂದುಹೋಗಿ ಗಾಡಿ ಕೂಗಲು ಶುರುಮಾಡಿದ ಮೇಲೆ. ಅವತ್ತು ಪಿಟ್ಟಿನ ಅಂಚಿಗೆ ಸ್ಟೂಲು ಎಳೆದುಕೊಂಡು ಕೂತು, ಕೆಲಸ ಮುಗಿಯುವತನಕ ಮಾತಾಡಿದಳು. ಲಾಡ್ಜಿನ ಬೆಡ್‌ಶೀಟುಗಳಲ್ಲಿ ಏನೇನು ಸಿಗುತ್ತದೆ, ಯಾವ ಮ್ಯಾನೇಜರ್ ಹರಿದ ಶೀಟನ್ನು ಅವಳ ತಲೆಗೆ ಕಟ್ಟಲು ನೋಡುತ್ತಾನೆ, ತನ್ನ ಅತ್ತೆ ಹೇಗೆ ಇಸ್ತ್ರಿ ಮಾಡಿದ ಶೀಟನ್ನೇ ಹಾಸಿಕೊಂಡು ಮಲಗಿ ಅದನ್ನು ಹಾಗೇ ಮಡಚಿಟ್ಟು ಏನೂ ತಿಳಿಯದವಳಂತೆ ಕೂರುತ್ತಾಳೆ. ಅವನು ಕೆಳಗೆ ಪೈಪು ಉಜ್ಜುತ್ತ "ಹ್ಞೂಂ" "ಹೌದಾ" ಎನ್ನುತ್ತಿದ್ದ. ಒಂದು ಸಲ ನಕ್ಕ. ಆ ನಗು ಪಿಟ್ಟಿನ ಗೋಡೆಗೆ ಬಡಿದು ವಾಪಸು ಬಂದಾಗ ಅದು ತನ್ನದೇ ಎಂದು ಗೊತ್ತಾಗಲು ಕ್ಷಣ ಹಿಡಿಯಿತು.

ಅವತ್ತು ಹಿತ್ತಾಳೆಯ ಡಬ್ಬ ತುಂಬಿತ್ತು. ಅವನ ಕೈ ಕಬ್ಬಿಣದ ಡಬ್ಬಕ್ಕೆ ಹೋಯಿತು. ಕೈ ತಾನಾಗಿ ಹೋಯಿತು ಎಂದು ಅವನು ತನಗೆ ತಾನೇ ಹೇಳಿಕೊಳ್ಳಬಹುದಿತ್ತು. ಹಾಗೇನೂ ಹೇಳಿಕೊಳ್ಳಲಿಲ್ಲ. ಹಾಕಿದ, ಬಿಗಿದ, ಕೈ ಒರೆಸಿಕೊಂಡ.

ಅಂದಿನಿಂದ ಅದು ವರ್ಷದ ಕಟ್ಟಳೆಯಾಯಿತು. ನಟ್ಟು ತುಕ್ಕು ಹಿಡಿಯುತ್ತಿತ್ತು, ಅವಳು ಬರುತ್ತಿದ್ದಳು. ಬರುವ ಮೊದಲೇ ಅವನಿಗೆ ಗೊತ್ತಾಗುತ್ತಿತ್ತು. ಆ ವ್ಯಾನು ತಿರುವಿನಾಚೆ ಇದ್ದಾಗಲೇ ಕೀಲಿನ ಬಿರುಕಿನಿಂದ ಪಟಪಟ ಸದ್ದು ಕೇಳಿಸುತ್ತಿತ್ತು. ಮೊದಮೊದಲು ಸಣ್ಣಗೆ, ವಾರ ಕಳೆದಂತೆ ಜೋರಾಗಿ. ಅವಳು ಗಾಡಿ ತಂದು ನಿಲ್ಲಿಸುವ ಹೊತ್ತಿಗೆ ಅವನು ಎಷ್ಟೋ ದಿನಗಳಿಂದ ಅದನ್ನು ಕೇಳುತ್ತ ಬಂದಿರುತ್ತಿದ್ದ. ಸ್ಟೂಲನ್ನು ಒರೆಸಿಟ್ಟಿರುತ್ತಿದ್ದ.

ತಪ್ಪೆಂದು ಅನ್ನಿಸಲಿಲ್ಲವೇ? ಅನ್ನಿಸಿತ್ತು. ಅದಕ್ಕೊಂದು ಉತ್ತರವನ್ನೂ ಸಿದ್ಧಮಾಡಿಟ್ಟುಕೊಂಡಿದ್ದ. ಎಂಜಿನ್ ಬುಡದ ಕೀಲಿಗೆ ಅವನು ಕಬ್ಬಿಣ ಹಾಕಿರಲಿಲ್ಲ, ಅಲ್ಲೆಲ್ಲ ಹಿತ್ತಾಳೆಯೇ. ಮುಂದಿನ ಪೈಪು ಹಿಂದಿನ ಪೈಪಿಗೆ ಸೇರುವ ನಡುವಿನ ಕೀಲಿನ ಎರಡು ನಟ್ಟು ಮಾತ್ರ ಕಬ್ಬಿಣದ್ದು. ಅಲ್ಲಿ ಬಿರುಕು ಬಿಟ್ಟರೆ ಬರೀ ಸದ್ದು. ಸದ್ದಿನಿಂದ ಯಾರೂ ಸಾಯುವುದಿಲ್ಲ. ಕೂಲಿಯನ್ನೂ ಅವನು ಅವಳ ಹತ್ತಿರ ಹೆಸರಿಗೆ ಮಾತ್ರ ತೆಗೆದುಕೊಳ್ಳುತ್ತಿದ್ದ. ಹಾಗಾಗಿ ಲೆಕ್ಕ ಸರಿಹೋಯಿತು ಎಂದುಕೊಂಡಿದ್ದ.

ಬೋಲ್ಟ್ ಅಂಗಡಿಯ ಮುದುಕನಿಗೆ ಮಾತ್ರ ವಾಸನೆ ಬಡಿದಿತ್ತು. ಅವನ ಅಂಗಡಿಯಲ್ಲಿ ನೆಲದಿಂದ ಸೂರಿನವರೆಗೆ ಸಣ್ಣಸಣ್ಣ ಡ್ರಾಯರುಗಳು. ಕಣ್ಣು ಮುಚ್ಚಿ ಕೈಹಾಕಿದರೂ ಬೇಕಾದ ಅಳತೆಯದೇ ತೆಗೆಯುವ ಆಸಾಮಿ.

"ಹಿತ್ತಾಳೇದು ಒಂದು ಪ್ಯಾಕೆಟ್ಟು. ಸ್ಟಡ್ಡು ಒಂದು ಪ್ಯಾಕೆಟ್ಟು. ಆಮೇಲೆ ಕಬ್ಬಿಣದ್ದು ಎರಡೇ ಎರಡು," ಎಂದು ಮುದುಕ ನಟ್ಟುಗಳನ್ನು ಕಾಗದದಲ್ಲಿ ಸುತ್ತುತ್ತ ಕೇಳಿದ್ದ. "ಅಲ್ಲಯ್ಯಾ, ಊರಿಗೆಲ್ಲ ಹಿತ್ತಾಳೆ ಹಾಕ್ತೀಯ. ಈ ಎರಡು ಯಾವ ಪುಣ್ಯಾತ್ಮನಿಗೆ?"

"ಇರ್ಲಿ ಬಿಡಿ ಯಜಮಾನ್ರೇ."

"ಯಾರ ಮೇಲಾದ್ರೂ ಸಿಟ್ಟೇನು?"

"ಸಿಟ್ಟೇನಿಲ್ಲ."

"ಹಾಗಾದ್ರೆ ಇನ್ನೂ ಕೆಟ್ಟದ್ದು," ಎಂದು ಮುದುಕ ಪೊಟ್ಟಣವನ್ನು ಅವನ ಕಡೆ ತಳ್ಳಿ, ಮತ್ತೆ ಆ ಮಾತು ಎತ್ತಲಿಲ್ಲ.

*

ಆ ಸಲ ಸದ್ದು ಕೇಳಿಸತೊಡಗಿ ಬಹಳ ದಿನವಾದರೂ ಅವಳು ಬರಲಿಲ್ಲ. ದಿನಾ ಬೆಳಿಗ್ಗೆ ವ್ಯಾನು ತಿರುವಿನಲ್ಲಿ ಪಟಪಟ ಎನ್ನುತ್ತ ಹಾದುಹೋಗುತ್ತಿತ್ತು, ಸಂಜೆ ವಾಪಸು ಬರುತ್ತಿತ್ತು. ಕೆಲಸ ಜಾಸ್ತಿ ಇರಬೇಕು ಎಂದುಕೊಂಡ. ಸ್ಟೂಲಿನ ಮೇಲೆ ಮತ್ತೆ ಧೂಳು ಕೂತಿತು. ಮತ್ತೆ ಒರೆಸಿದ.

ಪಂಕ್ಚರ್‌ನವನು ಟ್ಯೂಬನ್ನು ನೀರಿಗೆ ಅದ್ದುತ್ತ, "ಲೋ ಸೈಲೆನ್ಸರ್, ಆ ಸ್ಟೂಲಿಗೆ ಯಾಕೋ ಇಷ್ಟು ಉಪಚಾರ? ಹೆಣ್ಣು ನೋಡೋಕೆ ಬರ್ತಾರಾ ಹೇಗೆ?" ಎಂದ.

"ನಿನ್ನ ಟ್ಯೂಬು ನೋಡ್ಕೋ."

"ನೋಡ್ತಾನೇ ಇದೀನಪ್ಪಾ, ಎಲ್ಲಿಂದ ಗಾಳಿ ಹೋಗುತ್ತೆ ಅಂತ ನೋಡೋದೇ ನನ್ನ ಕಸುಬು," ಎಂದು ಅವನು ಕಣ್ಣು ಮಿಟುಕಿಸಿದ.

ಅವಳು ಬಂದದ್ದು ಸಣ್ಣಗೆ ಹನಿಯುತ್ತಿದ್ದ ಒಂದು ಬೆಳಿಗ್ಗೆ. ಚಳಿಗಾಳಿ ಬೀಸುತ್ತಿತ್ತು. ವ್ಯಾನನ್ನು ಪಿಟ್ಟಿನ ಮೇಲೆ ತಂದು ನಿಲ್ಲಿಸಿ ಇಳಿದಾಗ ಅವಳ ಮುಖದ ಮೇಲೆ ಹೊಸ ಕನ್ನಡಕವಿತ್ತು. ಅವನು ಅದನ್ನೇ ನೋಡಿದ.

"ಏನು ಹಾಗೆ ನೋಡ್ತೀರಾ ಮೇಸ್ತ್ರಿ, ಮುದುಕಿ ಆದ್ನಾ?"

"ಇಲ್ಲ... ಚೆನ್ನಾಗಿದೆ."

"ಚೆನ್ನಾಗಿರೋದಕ್ಕೆ ಹಾಕ್ಕೊಂಡಿಲ್ಲ. ತಲೆನೋವು. ಹಣೆ ಮೇಲೆ ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗೆ. ಕಣ್ಣಿನ ಡಾಕ್ಟ್ರು ಇದನ್ನ ಕೊಟ್ರು. ಹಾಕ್ಕೊಂಡು ಗಾಡಿ ಹತ್ತಿದ್ರೂ ಅದೇ ಕಥೆ. ರಜೆ ದಿನ ಮನೇಲಿದ್ರೆ ಏನೂ ಇಲ್ಲ ನೋಡಿ. ದುಡಿಯೋಕೆ ಹೊರಟ್ರೆ ಮಾತ್ರ ನೋವು. ವಯಸ್ಸಾಯ್ತು, ಮೈ ಸೋಮಾರಿ ಆಗ್ತಿದೆ."

ಅವನು ಚಹಾ ಕೊಟ್ಟ. ಅವಳು ಸ್ಟೂಲಿನ ಮೇಲೆ ಕೂತು, ಎರಡೂ ಅಂಗೈಯಿಂದ ಲೋಟ ಹಿಡಿದು, ಎಂದಿನ ಹಾಗೆ ಅತ್ತೆಯ ಸುದ್ದಿ ತೆಗೆದಳು. ಅತ್ತೆ ಇದ್ದ ಮೇಲೆ ಗಂಡ ಇರಬೇಕು, ಇಲ್ಲವೇ ಇದ್ದಿರಬೇಕು. ಅವನು ಇಷ್ಟು ವರ್ಷದಲ್ಲಿ ಅದನ್ನು ಕೇಳಿರಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಎಂಬ ಹೆದರಿಕೆ.

"ನಮ್ಮತ್ತೆ ಮನೇಲಿ ಕಣ್ಣು ಮುಚ್ಚಲ್ಲ. ನಿದ್ದೆ ಇಲ್ಲ, ನಿದ್ದೆ ಇಲ್ಲ ಅಂತ ಒಂದೇ ರಾಗ. ಕೆಲವು ದಿನದ ಹಿಂದೆ ಡಾಕ್ಟ್ರ ಹತ್ರ ಅಂತ ಗಾಡೀಲಿ ಕೂರಿಸ್ಕೊಂಡು ಹೊರಟೆ. ಎರಡು ಬೀದಿ ದಾಟಿಲ್ಲ, ಗೊರಕೆ! ಆಸ್ಪತ್ರೆ ಬಂದ್ರೂ ಏಳಲ್ಲ. ನಿದ್ದೆಗೆ ಔಷಧಿ ಸಿಕ್ತಲ್ಲ ಅಂತ ಈಗ ದಿನಾ ಕರ್ಕೊಂಡೇ ಹೋಗ್ತೀನಿ. ನಾನು ಗಂಟು ಹೊರ್ತೀನಿ, ಮಹಾರಾಣಿ ಮುಂದಿನ ಸೀಟಲ್ಲಿ ನಿದ್ದೆ."

ಅವನು ನಕ್ಕ. ನಗುತ್ತಲೇ ಪಿಟ್ಟಿಗೆ ಇಳಿದ.

"ಬಿರುಕು ಎಲ್ಲಿದೆ ನೋಡ್ಬೇಕು. ಒಂದ್ನಿಮಿಷ ಸ್ಟಾರ್ಟ್ ಮಾಡಿ."

ಎಲ್ಲಿದೆ ಎಂದು ಅವನಿಗೆ ಗೊತ್ತೇ ಇತ್ತು. ಆದರೂ ಹುಡುಕುವ ಶಾಸ್ತ್ರ ಮಾಡುತ್ತಿದ್ದ, ಹೊತ್ತು ಹೋಗಲೆಂದು. ಅವಳು ವ್ಯಾನು ಹತ್ತಿ ಬಾಗಿಲು ಎಳೆದುಕೊಂಡಳು. ಎಂಜಿನ್ ಕೆಮ್ಮಿ ಶುರುವಾಯಿತು. ಬೇರೆ ದಿನವಾಗಿದ್ದರೆ ಹೊಗೆ ಕಣ್ಣಿಗೆ ಬೀಳುತ್ತಿರಲಿಲ್ಲ. ಇಂದಿನ ಥಂಡಿಗೆ ಅದು ಬೆಳ್ಳಗೆ ಉಗಿಯಾಗಿ ಕಾಣುತ್ತಿತ್ತು. ನಡುವಿನ ಕೀಲಿನಿಂದ ಬುಸುಬುಸು ಹೊರಬಂದು, ಪಕ್ಕಕ್ಕೆ ಹರಡುವ ಬದಲು ನೆಟ್ಟಗೆ ಮೇಲಕ್ಕೆ ಹೋಗಿ, ಅಲ್ಲೇ ಎಲ್ಲೋ ಮಾಯವಾಗುತ್ತಿತ್ತು.

ಅವನು ಟಾರ್ಚು ಹಾಕಿದ. ವ್ಯಾನಿನ ತಳದ ತಗಡಿನಲ್ಲಿ, ಕೀಲಿನ ಸರಿಯಾಗಿ ಮೇಲೆ, ಅಂಗೈ ಅಗಲದ ಜಾಗ ಮಸಿ ಬಳಿದಂತೆ ಕಪ್ಪಾಗಿತ್ತು. ಅದರ ನಡುವೆ ತಗಡೇ ಇರಲಿಲ್ಲ. ವರ್ಷಗಟ್ಟಲೆ ಒದ್ದೆ ಗಂಟುಗಳಿಂದ ಇಳಿದ ನೀರು, ಬ್ಲೀಚು, ಉಪ್ಪುಗಾಳಿ ಸೇರಿ ತಿಂದುಹಾಕಿದ್ದವು. ಅವನು ಸ್ಕ್ರೂಡ್ರೈವರನ್ನು ತೂತಿನೊಳಗೆ ತೂರಿಸಿದ. ಅದು ಮೆತ್ತಗಿನ ಏನಕ್ಕೋ ತಾಗಿ ನಿಂತಿತು. ಇನ್ನಷ್ಟು ಒತ್ತಿದ.

"ಅಯ್ಯೋ! ಮೇಸ್ತ್ರಿ, ಕಾಲಿಗೆ ಏನೋ ಚುಚ್ತು!" ಎಂದು ಮೇಲಿನಿಂದ ಅವಳು ಕೂಗಿದಳು. "ಮ್ಯಾಟಿನ ಕೆಳಗೆ ಇಲಿ ಇದೆಯಾ ಹೇಗೆ?"

ಅವನು ಸ್ಕ್ರೂಡ್ರೈವರನ್ನು ಸರಕ್ಕನೆ ಹಿಂದಕ್ಕೆಳೆದ.

ಆ ಗಾಡಿಯ ತಳದ ಒಂದೊಂದು ಗೀರೂ ಅವನಿಗೆ ಗೊತ್ತಿತ್ತು ಎಂದುಕೊಂಡಿದ್ದ. ಆದರೆ ನೋಡುತ್ತಿದ್ದದ್ದು ಆ ಎರಡು ನಟ್ಟುಗಳನ್ನು ಮಾತ್ರ. ಒಳಗೆ ಒಂದು ಸಲವೂ ಕಾಲಿಟ್ಟಿರಲಿಲ್ಲ. ಅಲ್ಲಿ ರಬ್ಬರ್ ಮ್ಯಾಟಿದೆ, ಅದರ ಮೇಲೆ ಅವಳ ಪಾದವಿದೆ, ಪಕ್ಕದ ಸೀಟಿನಲ್ಲಿ ಒಬ್ಬ ಮುದುಕಿ ಗೊರಕೆ ಹೊಡೆಯುತ್ತಾಳೆ ಎಂಬುದು ಅವನ ಲೆಕ್ಕದಲ್ಲಿ ಇರಲೇ ಇಲ್ಲ.

"ಆಫ್ ಮಾಡಿ," ಎಂದ. ದನಿ ಏಳಲಿಲ್ಲ. ಮತ್ತೆ ಕೂಗಿದ. "ಆಫ್ ಮಾಡ್ರೀ! ಇಳೀರಿ ಕೆಳಗೆ!"

ಅವನು ಅವಳ ಮುಂದೆ ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಎಂಜಿನ್ ನಿಂತಿತು. ಅವಳು ಇಳಿದುಬಂದು ಪಿಟ್ಟಿನ ಅಂಚಿನಲ್ಲಿ ಬಗ್ಗಿ ನೋಡಿದಳು.

"ಏನಾಯ್ತು?"

"ನೆಲ ತೂತಾಗಿದೆ. ಇಲ್ಲಿಂದ ಹೊಗೆ ನೇರ ಒಳಗೆ ಬರ್ತಿದೆ. ನಿಮ್ಮ ತಲೆನೋವು ಕಣ್ಣಿಂದಲ್ಲ."

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಮತ್ತೆ ಹಾಕಿಕೊಳ್ಳಲಿಲ್ಲ.

"ಮೊನ್ನೆ ನಮ್ಮತ್ತೇನ ಎಬ್ಬಿಸೋದೇ ಕಷ್ಟ ಆಯ್ತು," ಎಂದಳು ನಿಧಾನಕ್ಕೆ. "ಭುಜ ಹಿಡಿದು ಅಲ್ಲಾಡಿಸ್ದೆ, ಮುಖಕ್ಕೆ ನೀರು ಹಾಕ್ದೆ. ಎದ್ದೋಳೇ ವಾಂತಿ ಮಾಡ್ಕೊಂಡ್ಲು. ತಿಂದದ್ದು ಸರಿಹೋಗಿಲ್ಲ ಅಂತ ಬೈದೆ."

"ಅವರನ್ನ ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಹೊಗೆ ಕುಡಿದಿದ್ದಾರೆ ಅಂತ ಹೇಳಿ. ನೀವೂ ತೋರಿಸ್ಕೊಳ್ಳಿ. ಈ ಗಾಡೀಲಿ ಬೇಡ."

"ಅವರು ಇವತ್ತು ಮಗಳ ಮನೇಲಿದ್ದಾರೆ. ಫೋನ್ ಮಾಡ್ತೀನಿ, ನಾದಿನಿ ಕರ್ಕೊಂಡು ಹೋಗ್ತಾಳೆ."

ಅವಳು ಶೆಡ್ಡಿನ ಬಾಗಿಲಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಾಗ ಅವನು ಕೆಲಸ ಶುರುಮಾಡಿದ. ಬೇರೇನೂ ತೋಚದಿದ್ದಾಗ ಕೈಗೆ ಕೆಲಸ ಇರುವುದು ಒಳ್ಳೆಯದು. ತೂತಿನ ಸುತ್ತ ತಗಡನ್ನು ಗಟ್ಟಿ ಭಾಗ ಸಿಗುವತನಕ ಕತ್ತರಿಸಿದ. ಹೊಸ ತಗಡಿನ ತುಂಡು ಇಟ್ಟು ರಿವೆಟ್ ಹೊಡೆದ. ಅಂಚಿಗೆಲ್ಲ ಸೀಲಿಂಗ್ ಪೇಸ್ಟು ಮೆತ್ತಿದ. ತುಕ್ಕು ಹಿಡಿದ ಹಳೆಯ ಸ್ಟಡ್ಡುಗಳನ್ನು ಕಾಯಿಸಿ ತೆಗೆದು ಹೊಸವನ್ನು ಕೂರಿಸಿದ. ಕೀಲಿನ ಸಂದಿಯಿಂದ ಹೊಗೆ ನುಸುಳದಂತೆ ಹೊಸ ಗ್ಯಾಸ್ಕೆಟ್ ಇಟ್ಟ. ಇನ್ನು ಉಳಿದದ್ದು ಎರಡು ನಟ್ಟು.

ಬೆಂಚಿನ ಮೇಲೆ ಎರಡು ಡಬ್ಬ ಎಂದಿನ ಹಾಗೇ ಅಕ್ಕಪಕ್ಕ ಕೂತಿದ್ದವು. ಹಾಲಿನಪುಡಿಯ ಡಬ್ಬದಲ್ಲಿ ಹಿತ್ತಾಳೆ, ಬಿಸ್ಕತ್ತಿನ ಡಬ್ಬದಲ್ಲಿ ಕಬ್ಬಿಣದ ಎರಡೇ ನಟ್ಟು.

ಅವನು ನಿಂತ. ತಲೆಯೊಳಗೆ ಒಂದು ಲೆಕ್ಕ ತಾನಾಗಿ ಎದ್ದುಬಂತು, ಅದೂ ಬಹಳ ಅಚ್ಚುಕಟ್ಟಾಗಿ. ತೂತು ಮುಚ್ಚಿಯಾಯಿತು. ಇನ್ನು ಹೊಗೆ ಒಳಗೆ ಹೋಗುವ ದಾರಿಯಿಲ್ಲ. ಈಗ ಕಬ್ಬಿಣದ ನಟ್ಟು ಹಾಕಿದರೆ ಮತ್ತೆ ಬರೀ ಸದ್ದು. ಮುಂದಿನ ವರ್ಷ ಮತ್ತೆ ಪಟಪಟ, ಮತ್ತೆ ಸ್ಟೂಲು, ಮತ್ತೆ ಚಹಾ. ಯಾರಿಗೂ ಏನೂ ಆಗುವುದಿಲ್ಲ. ಹಿತ್ತಾಳೆ ಹಾಕಿದರೆ ಈ ವ್ಯಾನು ಈ ಶೆಡ್ಡಿನ ಬಾಗಿಲು ಮತ್ತೆ ಕಾಣುವುದಿಲ್ಲ. ಅವಳಿಗೆ ಇಲ್ಲಿಗೆ ಬರಲು ಬೇರೆ ಕಾರಣ ಏನಿದೆ? ಸಂಬಂಧವೇ, ಸ್ನೇಹವೇ? ಕರೆಯಲು ಅವನ ಬಾಯಲ್ಲಿ ಒಂದು ವರಸೆ ಕೂಡ ಇಲ್ಲ.

ಬಿಸ್ಕತ್ತಿನ ಡಬ್ಬದ ಮುಚ್ಚಳ ತೆಗೆದ. ಎರಡು ನಟ್ಟು ಎತ್ತಿಕೊಂಡು ಪಿಟ್ಟಿಗೆ ಇಳಿದು, ಒಂದನ್ನು ಸ್ಟಡ್ಡಿಗೆ ಇಟ್ಟು ಎರಡು ಸುತ್ತು ತಿರುಗಿಸಿದ. ಸಲೀಸಾಗಿ ಹೋಯಿತು. ಮೂರನೆಯ ಸುತ್ತಿಗೆ ಅವನ ಬೆರಳು ನಿಂತಿತು.

ಬರೀ ಸದ್ದು. ಹಿಂದಿನ ವರ್ಷ ಇದೇ ಜಾಗದಲ್ಲಿ ನಿಂತು ಇದೇ ಮಾತು ಹೇಳಿಕೊಂಡಿದ್ದ. ಆಗ ಆ ತೂತು ಇತ್ತೋ ಇಲ್ಲವೋ, ತಲೆಯೆತ್ತಿ ನೋಡಿರಲಿಲ್ಲ. ಇವತ್ತು ಈ ತಗಡು ಗಟ್ಟಿ. ಇದರಾಚೆ ಒಂದು ಗೇಣು ದೂರದಲ್ಲಿ ಇನ್ನೊಂದು ಕಡೆ ತುಕ್ಕು ತಿನ್ನುತ್ತಿರಬಹುದು. ಬಾಗಿಲ ರಬ್ಬರು ಹೋಗಿರಬಹುದು. ತನಗೆ ಗೊತ್ತಿಲ್ಲದ ಗಾಡಿಯ ಬಗ್ಗೆ, ತನಗೆ ಗೊತ್ತಿಲ್ಲದ ಮನೆಯ ಬಗ್ಗೆ ತಾನು ಲೆಕ್ಕ ಹಾಕುತ್ತಿದ್ದೇನೆ. ಅವನು ನಟ್ಟನ್ನು ಬಿಚ್ಚಿದ. ಮೇಲೆ ಬಂದು ಎರಡನ್ನೂ ಬಿಸ್ಕತ್ತಿನ ಡಬ್ಬಕ್ಕೆ ಹಾಕಿ, ಹಾಲಿನಪುಡಿಯ ಡಬ್ಬ ತೆಗೆದ.

"ಅದು ಬೇರೆ ಡಬ್ಬ."

ಅವಳು ಯಾವಾಗ ಬಂದು ಸ್ಟೂಲಿನ ಮೇಲೆ ಕೂತಿದ್ದಳೋ. ವರ್ಷವರ್ಷವೂ ಅಲ್ಲೇ ಕೂತು ಅವನ ಕೈಯನ್ನೇ ನೋಡಿದ್ದವಳು.

"ನನಗೆ ಯಾವಾಗ್ಲೂ ಆ ಬಿಸ್ಕತ್ತಿನ ಡಬ್ಬದ್ದು ಅಲ್ವಾ?" ಎಂದಳು. "ಇವತ್ತು ಯಾಕೆ ಇದು?"

"ಇದು ಹಿತ್ತಾಳೇದು. ತುಕ್ಕು ಹಿಡಿಯಲ್ಲ."

"ಎಷ್ಟು ದಿನ ಬರುತ್ತೆ?"

"ಗಾಡಿ ಇರೋವರೆಗೂ."

"ಇವತ್ತು ಹೊಸದಾಗಿ ಬಂದಿದ್ದಾ?"

ಇಲ್ಲಿ ಹ್ಞೂಂ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅವನು ಹಾಗೆ ಹೇಳಲು ಬಾಯಿ ತೆರೆದದ್ದೂ ನಿಜ.

"ಇಲ್ಲ. ಮೊದಲಿಂದ್ಲೂ ಇದೆ."

ಅವಳು ಎದ್ದು ಬಂದು ಎರಡೂ ಡಬ್ಬಗಳಿಂದ ಒಂದೊಂದು ನಟ್ಟು ತೆಗೆದು ಅಂಗೈ ಮೇಲೆ ಇಟ್ಟುಕೊಂಡಳು. ಒಂದು ಹಳದಿ, ಒಂದು ಬೂದು. ಬೆಡ್‌ಶೀಟಿನ ಕಲೆ ನೋಡುವವಳಂತೆ ಬೆಳಕಿಗೆ ಹಿಡಿದು ನೋಡಿದಳು.

"ಆಸ್ಪತ್ರೆ ಟೆಂಪೋದವನು ಹೇಳ್ತಿದ್ದ, ಮೇಸ್ತ್ರಿ ಒಂದ್ಸಲ ಕೈಯಿಟ್ರೆ ಮತ್ತೆ ಮುಟ್ಟೋ ಹಾಗೇ ಇಲ್ಲ ಅಂತ. ನಾನು, ನನ್ನ ಗಾಡೀದೇ ಹಣೆಬರಹ ಅಂದ್ಕೊಂಡೆ. ಒದ್ದೆ ಬಟ್ಟೆ ಹೊರುತ್ತಲ್ಲ, ಅದಕ್ಕೇ ಹೀಗೆ ಅಂತ."

"ನಾನೇ ಹಾಕಿದ್ದು," ಎಂದ ಅವನು. "ಗೊತ್ತಿದ್ದೇ ಹಾಕಿದ್ದು."

"ಯಾಕೆ?"

"ಸದ್ದು ಮಾಡುತ್ತೆ ಅಷ್ಟೇ ಅಂದ್ಕೊಂಡಿದ್ದೆ. ಹೊಗೆ ಒಳಗೆ—"

"ನಾನು ಕೇಳಿದ್ದು ಅದಲ್ಲ."

ಅವನು ಸ್ಟೂಲಿನ ಕಡೆ ನೋಡಿದ. ಅಲ್ಲಿಂದ ಅವಳು ಅರ್ಧ ಕುಡಿದಿಟ್ಟ ಚಹಾದ ಲೋಟದ ಕಡೆ. ಮಾತು ಗಂಟಲವರೆಗೆ ಬಂತು. ಅಲ್ಲಿಗೆ ಬಂದು ನೋಡಿದರೆ ಅದು ಎಷ್ಟು ಸಣ್ಣದಾಗಿತ್ತೆಂದರೆ, ಒಬ್ಬ ಮುದುಕಿಯ ವಾಂತಿಯ ಎದುರು ಅದನ್ನು ಇಡಲು ಅವನಿಗೆ ನಾಚಿಕೆಯಾಯಿತು.

ಅದೇ ಹೊತ್ತಿಗೆ ಪಂಕ್ಚರ್‌ನವನು ಸ್ಪ್ಯಾನರ್ ಕೇಳುವ ನೆಪದಲ್ಲಿ ಬಾಗಿಲಿಗೆ ಬಂದು ಮೂಗು ತೂರಿಸಿದ.

"ಏನಕ್ಕಾ, ನಮ್ಮ ಸೈಲೆನ್ಸರ್ ಇವತ್ತಾದ್ರೂ ಬಾಯಿ ಬಿಟ್ನಾ?"

"ಬಿಟ್ರು," ಎಂದಳು ಅವಳು. ಎರಡು ನಟ್ಟುಗಳನ್ನೂ ಬೆಂಚಿನ ಮೇಲೆ ಇಟ್ಟಳು, ಯಾವುದು ಯಾವ ಡಬ್ಬದ್ದೆಂದು ನೋಡದೆ.

ಪಂಕ್ಚರ್‌ನವನು ಇಬ್ಬರ ಮುಖವನ್ನೂ ನೋಡಿ, ಸ್ಪ್ಯಾನರನ್ನೂ ತೆಗೆದುಕೊಳ್ಳದೆ ಕಾಲು ಕಿತ್ತ.

ಸೈಲೆನ್ಸರ್ ಪಿಟ್ಟಿಗೆ ಇಳಿದು ಸ್ಟಡ್ಡಿಗೆ ಗ್ರೀಸು ಸವರಿ ಹಿತ್ತಾಳೆಯ ನಟ್ಟುಗಳನ್ನು ಹಾಕಿದ. ಒಂದಿಷ್ಟು ಈ ಕಡೆ, ಒಂದಿಷ್ಟು ಆ ಕಡೆ, ಎರಡೂ ಸಮನಾಗಿ ಕೂರುವ ಹಾಗೆ ಬಿಗಿದ. ಟಾರ್ಚು ಹಿಡಿದು ತಳವನ್ನೆಲ್ಲ ಈ ತುದಿಯಿಂದ ಆ ತುದಿಗೆ ಮೊದಲ ಸಲ ನೋಡಿದ. ಹಿಂದಿನ ಚಕ್ರದ ಹತ್ತಿರ ಇನ್ನೊಂದು ಸಣ್ಣ ತೂತು ಸಿಕ್ಕಿತು. ಅದನ್ನೂ ಮುಚ್ಚಿದ. ಮೇಲೆ ಬಂದು, "ಸ್ಟಾರ್ಟ್ ಮಾಡ್ತೀನಿ, ನೀವು ಹತ್ಬೇಡಿ" ಎಂದು ತಾನೇ ಒಳಗೆ ಕೂತ. ಒಳಗೆ ಸೋಪಿನ ವಾಸನೆಯಿತ್ತು. ಪಕ್ಕದ ಸೀಟಿನಲ್ಲಿ ಒಂದು ಸಣ್ಣ ದಿಂಬು, ಮುದುಕಿಯ ತಲೆ ಒರಗಿ ಒರಗಿ ಗುಳಿ ಬಿದ್ದದ್ದು. ಕಿಟಕಿ ಮುಚ್ಚಿಕೊಂಡು ಎಂಜಿನ್ ಓಡಿಸಿ, ಪಾದದ ಬಳಿ ಬಗ್ಗಿ ಮೂಸಿ ನೋಡಿದ. ಏನೂ ಇಲ್ಲ. ಎಂಜಿನ್ ಓಡುತ್ತಿದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು ಸದ್ದಿಲ್ಲ.

ಇಳಿದು ಬಂದಾಗ ಅವಳು ಪರ್ಸು ತೆಗೆದಳು. "ಬೇಡ," ಎಂದ. ಅವಳು ಒತ್ತಾಯ ಮಾಡಲಿಲ್ಲ, ಥ್ಯಾಂಕ್ಸ್ ಎಂದೂ ಹೇಳಲಿಲ್ಲ.

"ನಾದಿನಿ ಫೋನ್ ಮಾಡಿದ್ಲು. ಅಪಾಯ ಏನಿಲ್ವಂತೆ, ಸಂಜೆವರೆಗೂ ಅಲ್ಲೇ ಇಟ್ಕೋತಾರಂತೆ," ಎಂದಳು. ಅದನ್ನು ಹೇಳಬೇಕಾದದ್ದು ಹೇಳಿದಂತೆ ಹೇಳಿದಳು, ಅವನ ಸಮಾಧಾನಕ್ಕಲ್ಲ.

ಅವಳು ಗಾಡಿ ಹತ್ತಿ ಮೊದಲು ಮಾಡಿದ ಕೆಲಸ, ತನ್ನ ಕಡೆಯ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದ್ದು. ಆಮೇಲೆ ಬಾಗಿ ಆ ಕಡೆಯದನ್ನೂ ಇಳಿಸಿದಳು. ಹೊರಗೆ ಇನ್ನೂ ಹನಿಯುತ್ತಿತ್ತು. ಹನಿ ಅವಳ ತೋಳಿನ ಮೇಲೆ, ಮುದುಕಿಯ ದಿಂಬಿನ ಮೇಲೆ ಬೀಳುತ್ತಿತ್ತು. ಅವನು ಮುಚ್ಚಿದ ತಗಡನ್ನು, ಅವನು ಬಿಗಿದ ನಟ್ಟನ್ನು ಅವಳು ಇನ್ನು ನಂಬುವುದಿಲ್ಲ. ನಂಬಬೇಕಾದ ಕಾರಣವೂ ಇರಲಿಲ್ಲ. ವ್ಯಾನು ಹಿಂದಕ್ಕೆ ಸರಿದು, ತಿರುಗಿ, ರಸ್ತೆಗೆ ಇಳಿಯಿತು. ತಿರುವಿನವರೆಗೂ ಅವನು ಕಿವಿಗೊಟ್ಟು ನಿಂತ. ಶೆಡ್ಡಿನ ತಗಡಿನ ಮೇಲೆ ಹನಿ ಬೀಳುವ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

*

ಬೋಲ್ಟ್ ಅಂಗಡಿಯ ಮುದುಕ ಹಿತ್ತಾಳೆಯ ಪ್ಯಾಕೆಟ್ಟು, ಸ್ಟಡ್ಡಿನ ಪ್ಯಾಕೆಟ್ಟು ತೆಗೆದಿಟ್ಟು, ಕೇಳದೆಯೇ ಕಬ್ಬಿಣದ ಡ್ರಾಯರಿಗೆ ಕೈಹಾಕಿದ.

"ಅದು ಬೇಡ," ಎಂದ ಸೈಲೆನ್ಸರ್.

"ಬೇಡ್ವಾ? ವರ್ಷ ಆಗ್ತಾ ಬಂತಲ್ಲಯ್ಯಾ."

"ಬೇಡ ಯಜಮಾನ್ರೇ."

ಮುದುಕ ಅವನ ಮುಖ ನೋಡಿ ಡ್ರಾಯರು ಒಳಗೆ ತಳ್ಳಿದ.

ಸ್ಟೂಲು ಈಗ ಗೋಡೆಯ ಪಕ್ಕಕ್ಕೆ ಹೋಗಿದೆ. ಅದರ ಮೇಲೆ ಗ್ಯಾಸ್ಕೆಟ್ಟಿನ ಪೆಟ್ಟಿಗೆ ಕೂತಿದೆ. ಹೊಸ ಗಿರಾಕಿಗಳು ಬರುತ್ತಾರೆ, ಹೊರಗೆ ನಿಂತು ಫೋನು ನೋಡುತ್ತಾರೆ, ಹೋಗುತ್ತಾರೆ. ಮೊನ್ನೆ ಅಕ್ಕ ಫೋನ್ ಮಾಡಿದಾಗ, "ಊಟ ಆಯ್ತೇನೋ?" ಎಂದಳು. "ಆಯ್ತು" ಎಂದ ಮೇಲೆ ಅವನು ಫೋನು ಹಿಡಿದುಕೊಂಡೇ ನಿಂತ. "ಅಲ್ಲೇನು ಮಳೆಯಾ?" ಎಂದು ಕೇಳಿದ. ಅಕ್ಕನಿಗೆ ಗಾಬರಿಯಾಯಿತು. "ಯಾಕೋ, ಹುಷಾರಾಗಿದೀಯಾ?" ಎಂದಳು. "ಹುಷಾರಾಗಿದೀನಿ," ಎಂದು ಫೋನು ಇಟ್ಟ.

ಒಂದು ಬೆಳಿಗ್ಗೆ ಅವನು ಯಾವುದೋ ಕಾರಿನ ಕೆಳಗೆ, ಕಚ್ಚಿಕೊಂಡ ಸ್ಟೇನ್‌ಲೆಸ್ ಬೋಲ್ಟಿನ ಜೊತೆ ಗುದ್ದಾಡುತ್ತಿದ್ದ. ಪಂಕ್ಚರ್‌ನವನು ಬಾಗಿಲಲ್ಲಿ ಬಂದು ನಿಂತ.

"ಲೋ, ನಿನ್ನ ಲಾಂಡ್ರಿ ಅಕ್ಕ ಈಗ ತಾನೇ ಹೋದ್ಲಲ್ಲೋ. ಇಷ್ಟು ಹತ್ರದಿಂದ. ನೋಡಿಲ್ವಾ?"

"ಕೇಳಿಸ್ಲಿಲ್ಲ," ಎಂದ ಅವನು ಪಿಟ್ಟಿನೊಳಗಿನಿಂದ.

"ಕಿಟಕಿ ಎಲ್ಲ ತೆಕ್ಕೊಂಡು ಹೋಗ್ತಿದ್ಲು. ಈ ಚಳೀಲಿ! ಪಕ್ಕದಲ್ಲಿ ಆ ಮುದುಕಿ ಕೂತಿತ್ತು, ತಲೆಗೆ ಮಫ್ಲರ್ ಸುತ್ಕೊಂಡು, ಬಾಯಿ ತುಂಬ ಮಾತಾಡ್ತಾ."

"ಎಚ್ಚರ ಇದ್ರಾ?"

"ಯಾರು?"

"ಮುದುಕಿ."

"ಎಚ್ಚರ ಇಲ್ದೆ ಮಾತಾಡ್ತಾರೇನೋ? ನಿನಗೇನಾಗಿದೆ?"

 ಪಂಕ್ಚರ್‌ನವನು ಗೊಣಗಿಕೊಂಡು ಹೋದ. ಸೈಲೆನ್ಸರ್ ಸ್ಪ್ಯಾನರನ್ನು ಬೋಲ್ಟಿಗೆ ಮತ್ತೆ ಕೂರಿಸಿ, ಮೈಭಾರವೆಲ್ಲ ಹಾಕಿ ತಿರುಗಿಸಿದ. ಅದು ಮುರಿದು ಕೈಗೆ ಬಂತು.